ಮಧ್ಯಾಹ್ನದ ಹಾಲು

ಫ್ರಿಡ್ಜಿನ ಬಾಗಿಲು ತೆಗೆದು ಅತ್ತೆಗೆ ತೋರಿಸುತ್ತಿದ್ದೇನೆ. ಮೇಲಿನ ರ‍್ಯಾಕಿನ ಒಳಮೂಲೆಯಲ್ಲಿ, ಬಾಗಿಲ ಗಾಳಿ ತಾಗದ ಕಡೆ, ಸಾಲಾಗಿ ಸಣ್ಣ ಸ್ಟೀಲ್ ಡಬ್ಬಿಗಳು. ಒಂದೊಂದರ ಮೇಲೂ ತಾರೀಖು ಬರೆದ ಚೀಟಿ.

"ಹಳೇದು ಮೊದಲು ಕೊಡಿ ಅತ್ತೆ. ಒಲೆ ಮೇಲೆ ಇಡಬೇಡಿ, ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಕೂರಿಸಿದರೆ ಸಾಕು. ಕುಡಿದು ಮಿಕ್ಕಿದ್ದನ್ನ ಮತ್ತೆ ಒಳಗಿಡೋದು ಬೇಡ."

"ಆಯ್ತು ಹೋಗಮ್ಮ, ರೈಲಿಗೆ ಹೊತ್ತಾಯ್ತು. ನಾನೂ ಮಕ್ಕಳನ್ನ ಸಾಕಿದೋಳೇ."

ಒಳಲೆ ಆಗಲೇ ಅವರ ಕೈಗೆ ಬಂದಿದೆ. ಕೋಲಾರದ ಮನೆಯಿಂದ ತಂದ ಬೆಳ್ಳಿಯದು, ಮೂತಿ ಸವೆದು ನುಣುಪಾಗಿದೆ. ಮಗ ಬಾಟಲಿಯ ರಬ್ಬರನ್ನು ನಾಲಿಗೆಯಿಂದ ಆಚೆ ತಳ್ಳಿ ಅಳುತ್ತಿದ್ದಾಗ ಇದನ್ನು ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆದವರು ಅವರೇ. ಈಗ ಒಂದು ಡಬ್ಬಿಯ ಮುಚ್ಚಳ ತೆರೆಯುತ್ತಾರೆ. ಹಾಲು ಎರಡು ಪದರವಾಗಿ ನಿಂತಿದೆ: ಮೇಲೆ ಹಳದಿ ಕೆನೆ, ಕೆಳಗೆ ನೀಲಿ ಛಾಯೆಯ ತಿಳಿ. ಮೊದಲ ಸಲ ನೋಡಿದಾಗ ಒಡೆದುಹೋಗಿದೆ ಎಂದು ಗಾಬರಿಯಾಗಿದ್ದರು. ಈಗ ಡಬ್ಬಿಯನ್ನು ಮೆಲ್ಲಗೆ ತಿರುಗಿಸಿ ಎರಡನ್ನೂ ಬೆರೆಸುತ್ತಾರೆ. ಮಗ ಅವರ ಸೊಂಟದ ಮೇಲಿಂದ ನನ್ನ ಬ್ಯಾಗನ್ನೇ ನೋಡುತ್ತಿದ್ದಾನೆ. ಬ್ಯಾಗ್ ಹೆಗಲಿಗೇರಿತೆಂದರೆ ಏನೆಂದು ಅವನಿಗೆ ಗೊತ್ತು.

ಜೋಗುಪಾಳ್ಯದ ನಮ್ಮ ಗಲ್ಲಿಯಲ್ಲಿ ಎರಡು ಸ್ಕೂಟರ್ ಎದುರಾದರೆ ಒಂದು ನಿಲ್ಲಬೇಕು. ಇಷ್ಟು ಹೊತ್ತಿಗೆ ತಮಿಳು, ಕನ್ನಡ, ತೆಲುಗು, ಉರ್ದು ಎಲ್ಲವೂ ಒಟ್ಟಿಗೆ ಮಕ್ಕಳನ್ನು ಶಾಲೆಗೆ ಅವಸರಿಸುತ್ತಿರುತ್ತವೆ. ಎದುರು ಮನೆಯ ಅಕ್ಕ ಮೆಟ್ಟಿಲ ಮೇಲೆ ಕೂತು, ಸೆರಗು ಹೊದ್ದು, ಕೂಸಿಗೆ ಹಾಲು ಕೊಡುತ್ತಿದ್ದಾರೆ. ಇಂದಿರಾನಗರದ ಮೂರು ಮನೆಗಳಲ್ಲಿ ಅವರಿಗೆ ಕೆಲಸ. ಎರಡನೆಯದನ್ನು ಮುಗಿಸಿ ಹನ್ನೊಂದಕ್ಕೆ ನಡೆದು ಬಂದು, ಕೂಸಿಗೆ ಕುಡಿಸಿ, ಮೂರನೆಯದಕ್ಕೆ ಓಡುತ್ತಾರೆ. ಅವರಿಗೆ ಮನೆ ಹತ್ತಿರ. ಆದರೆ ಹೆರಿಗೆ ರಜೆ ಎಂಬುದನ್ನು ಅವರಿಗೆ ಯಾರೂ ಕೊಡಲಿಲ್ಲ. ಎರಡು ತಿಂಗಳು ತುಂಬುವ ಮುಂಚೆಯೇ ಪೊರಕೆ ಹಿಡಿದರು. ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರಂತೆ. ಈ ಊರಿನ ಎಷ್ಟು ಅಡುಗೆಮನೆಗಳು ಇಂಥ ಬಾಣಂತಿಯರ ಕೈಯಲ್ಲಿ ತೊಳೆಸಿಕೊಂಡು ಹೊಳೆಯುತ್ತಿವೆಯೋ!

"ಕೈಯಲ್ಲೇ ಹಿಂಡ್ತಿದೀರಾ?" ನನ್ನ ಬ್ಯಾಗಿನ ಕಡೆ ಕಣ್ಣು ಹಾಯಿಸಿ ಕೇಳುತ್ತಾರೆ.

"ಮೆಷಿನ್ ಆದ್ಮೇಲೆ ಕೈಯಲ್ಲೂ ಹಿಂಡ್ತೀನಿ ಅಕ್ಕ. ನೀವು ಹೇಳಿದ್ದು ಸರಿ, ಕೊನೇಲಿ ಗಟ್ಟಿ ಹಾಲು ಬರುತ್ತೆ."

ಹಲಸೂರು ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿ, ಮುಂದಿನ ಹೆಂಗಸರ ಬೋಗಿಗೆ ಕಾದು ನಿಲ್ಲುತ್ತೇನೆ. ಬ್ಯಾಗಿನಲ್ಲಿ ಪಂಪು, ಖಾಲಿ ಡಬ್ಬಿ, ಐಸ್ ಪ್ಯಾಕು, ಇನ್ನೊಂದು ಕುರ್ತಾ. ಟಿಫಿನ್ ಡಬ್ಬಿಯಲ್ಲಿ ಸಬ್ಬಸಿಗೆ ಸೊಪ್ಪಿನ ಸಾರು, ಅನ್ನ, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವಿನ ತುಂಡು ಸೇರಿದ ಮೇಲೆ ನನ್ನ ಕಚೇರಿಯಿರುವ ಕುಂದಲಹಳ್ಳಿಗೆ ಒಂದೇ ರೈಲು. ಅದಕ್ಕೆ ಮುಂಚೆ ಬಸ್ಸಿನಲ್ಲಿ ಹೋಗುತ್ತಿದ್ದವರನ್ನು ಕೆ.ಆರ್. ಪುರದ ತೂಗುಸೇತುವೆಯ ಬಳಿಯ ದಟ್ಟಣೆ ಎಷ್ಟು ಹೊತ್ತು ಹಿಡಿದಿಡುತ್ತಿತ್ತೆಂದು ಹೇಳುವಂತಿರಲಿಲ್ಲ. ಹಾಲೂಡಿಸುವವಳಿಗೆ ಪ್ರಯಾಣದ ಹೊತ್ತೂ ಎದೆಯಲ್ಲೇ ಲೆಕ್ಕವಾಗುತ್ತದೆ.

ಇಂದಿರಾನಗರ ದಾಟುತ್ತಲೇ ಬೋಗಿಯ ಆ ತುದಿಯಲ್ಲಿ ಯಾವುದೋ ಕೂಸು ಅಳಲು ಶುರುಮಾಡುತ್ತದೆ. ಹಸಿವಿನ ಅಳು. ನನ್ನ ಎದೆಯಲ್ಲಿ ಚುಳ್ಳೆನ್ನುತ್ತದೆ, ಹಾಲು ಇಳಿಯುತ್ತದೆ. ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕೆಲಸ ಇದು. ಅಳು ಯಾರದೆಂದು ಅದು ವಿಚಾರಿಸುವುದಿಲ್ಲ. ದುಪಟ್ಟಾ ಮುಂದಕ್ಕೆ ಎಳೆದುಕೊಂಡು ಎರಡೂ ತೋಳನ್ನು ಎದೆಗೆ ಒತ್ತಿ ನಿಲ್ಲುತ್ತೇನೆ. ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸು ಏನೂ ಕೇಳದೆ ಎದ್ದು ಜಾಗ ಬಿಡುತ್ತಾರೆ.

ಕಾನೂನು ನನಗೆ 26 ವಾರ ಕೊಟ್ಟಿತ್ತು. 2017ರ ತಿದ್ದುಪಡಿಗೆ ಮುಂಚೆ 12 ವಾರವಷ್ಟೇ ಇತ್ತು, ಆದ್ದರಿಂದ ಇದು ಸಣ್ಣ ಮಾತಲ್ಲ. ಆದರೆ ಕಾಲು ಊದಿಕೊಂಡು ಹೆರಿಗೆಗೆ ಮುಂಚಿನ ಕೆಲವು ವಾರಗಳು ಅದರಲ್ಲೇ ಕಳೆದವು. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ಆಮೇಲೆ ಇತರ ಆಹಾರದ ಜೊತೆಗೆ ಎರಡು ವರ್ಷದವರೆಗೆ ಅಥವಾ ಇನ್ನೂ ಮುಂದೆ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಜೆ ಮತ್ತು ಆ ಆರು ತಿಂಗಳು ಸರಿಹೊಂದಬೇಕಾದರೆ ನೋವು ಬರುವ ದಿನದವರೆಗೂ ಕಚೇರಿಗೆ ಹೋಗಬೇಕು. ಹಾಗಾಗಿ ಮಗ ರಾಗಿ ಮಣ್ಣಿಯ ರುಚಿ ನೋಡುವ ಮುಂಚೆಯೇ ನಾನು ಈ ರೈಲು ಹತ್ತಿದೆ.

"ಕೆಲಸಕ್ಕೆ ಹೋದ್ರೆ ಹಾಲು ಬತ್ತೋಗುತ್ತೆ" ಎಂದು ಹೇಳದವರಿಲ್ಲ. ಕೆಲಸದಿಂದ ಹಾಲು ಬತ್ತುವುದಿಲ್ಲ. ತುಂಬಿದ ಎದೆ ತುಂಬಿದಂತೆಯೇ ಉಳಿದರೆ, ಇಷ್ಟು ಬೇಡವೆಂದು ದೇಹ ತಿಳಿದು ತಯಾರಿಕೆಯನ್ನು ತಗ್ಗಿಸುತ್ತದೆ. ತೆಗೆದಷ್ಟೂ ಬರುವುದು ಅದರ ರೀತಿ. ರಾತ್ರಿ ಪ್ರೊಲ್ಯಾಕ್ಟಿನ್ ಹೆಚ್ಚಿರುತ್ತದೆ, ಮಗುವೂ ಹಗಲಿನ ಬಾಕಿಯನ್ನು ರಾತ್ರಿ ಕುಡಿದು ತೀರಿಸಿಕೊಳ್ಳುತ್ತದೆ. ಆ ಹೊತ್ತು ತಾಯಿಯ ಕೈಯಲ್ಲಿದೆ. ಅವಳ ಕೈತಪ್ಪುವುದು ಮಧ್ಯಾಹ್ನ. ಮಧ್ಯಾಹ್ನವನ್ನು ದಿನದಿಂದ ದಿನಕ್ಕೆ ಬಿಟ್ಟರೆ ಅತ್ತೆಯ ಯಾವ ಸೊಪ್ಪೂ ಹಾಲನ್ನು ಉಳಿಸಲಾರದು.

ಹನ್ನೊಂದು ಗಂಟೆ. ಕಚೇರಿಯ ಮೊದಲನೇ ಮಹಡಿಯ ಪ್ರಥಮ ಚಿಕಿತ್ಸೆಯ ಕೋಣೆ. ಒಂದು ಮಂಚ, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ಮತ್ತು ಕೇಳಿ ಹಾಕಿಸಿಕೊಂಡ ಚಿಲಕ. ಚಿಲಕಕ್ಕೆ ಮುಂಚೆ ಶೌಚಾಲಯದ ಕಡೆ ಕೈ ತೋರಿಸಿದ್ದರು. ಊಟದ ತಟ್ಟೆ ಹಿಡಿದು ಅಲ್ಲಿಗೆ ಹೋಗಿ ಎಂದು ಯಾರಿಗೂ ಹೇಳಲಾರೆವು; ನನ್ನ ಮಗನ ಊಟವೂ ಊಟವೇ.

ಕೈ ತೊಳೆದು, ಬೆಚ್ಚನೆಯ ಒದ್ದೆ ಬಟ್ಟೆಯನ್ನು ಎದೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಫೋನಿನಲ್ಲಿ ಅವನು ನಗುವ ಸದ್ದು. ಪಂಪು ಗರಗರ ಎನ್ನುತ್ತದೆ. ಒಂದೆರಡು ನಿಮಿಷ ಬರೀ ಹನಿ, ಆಮೇಲೆ ಚುಳ್ಳೆಂದು ಧಾರೆ. ಧಾರೆ ನಿಂತ ಮೇಲೆ ಎದುರು ಮನೆಯ ಅಕ್ಕನ ಪಾಠ. ಹೆಬ್ಬೆರಳು ಮೇಲೆ, ಬೆರಳುಗಳು ಕೆಳಗೆ, ಕಪ್ಪು ವೃತ್ತದ ಅಂಚಿಗಿಂತ ತುಸು ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಬೇಕು, ಆಮೇಲೆ ಬೆರಳುಗಳನ್ನು ಹತ್ತಿರ ತರಬೇಕು, ಚರ್ಮದ ಮೇಲೆ ಜಾರಿಸಬಾರದು. ಗಂಟು ಕಟ್ಟಿದ ಕಡೆ ಮೃದುವಾಗಿ ಸವರಬೇಕು. ಯಂತ್ರ ಉಳಿಸಿದ ಹಾಲನ್ನು ಕೈ ಕರೆದು ತರುತ್ತದೆ. ಡಬ್ಬಿ ಮುಚ್ಚಿ, ಚೀಟಿ ಅಂಟಿಸಿ, ಫ್ರಿಡ್ಜಿಗೆ. ಸಂಜೆ ಅದು ಐಸ್ ಪ್ಯಾಕುಗಳ ನಡುವೆ ನನ್ನೊಂದಿಗೆ ಜೋಗುಪಾಳ್ಯಕ್ಕೆ ಬರುತ್ತದೆ.

ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ಬಿಡುವಲ್ಲದೆ, ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿತ್ತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು ಎಂದು 2017ರಲ್ಲಿ ಸೇರಿಸಿದರು. ಒಳ್ಳೆಯದೇ. ಆದರೆ ಬೆಳಗಿನ ನೂಕುನುಗ್ಗಲಿನಲ್ಲಿ ಕೂಸನ್ನು ಎತ್ತಿಕೊಂಡು ಊರಿನ ಈ ತುದಿಗೆ ದಿನಾ ಹೇಗೆ ಬರಲಿ? ನನಗೆ ಬೇಕಿರುವುದು ಆ ಹಳೆಯ ಎರಡು ಬಿಡುವು, ಈ ಚಿಲಕ.

2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಬೆಂಗಳೂರಿನ ಹೆರಿಗೆ ಆಸ್ಪತ್ರೆಯಿಂದ ಕದ್ದೊಯ್ದ ಕೂಸು ಬೇರೊಬ್ಬ ತಾಯಿಯ ಮಡಿಲಲ್ಲಿ ಬೆಳೆದಿತ್ತು. ಹಾಲೂಡಿಸುವುದು ತಾಯಿಯಿಂದ ಕಸಿಯಲಾಗದ ಹಕ್ಕು, ಸಂವಿಧಾನದ 21ನೇ ವಿಧಿ ಅದನ್ನು ಕಾಯುತ್ತದೆ, ಕೂಸಿನ ಹಕ್ಕೂ ಅದರಲ್ಲೇ ಬೆಸೆದಿದೆ ಎಂದರು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್. ಅದನ್ನು ಓದಿದಾಗಿನಿಂದ ಈ ಕೋಣೆಯ ಬಿಡುವನ್ನು ಯಾರ ಉಪಕಾರವೆಂದೂ ನಾನು ಎಣಿಸುತ್ತಿಲ್ಲ.

ಮೂರು ಗಂಟೆ. ಮೀಟಿಂಗ್ ಎರಡಕ್ಕೆ ಶುರುವಾದದ್ದು ಮುಗಿಯುವ ಸೂಚನೆಯಿಲ್ಲ. ಎದೆ ಬಿಗಿಯುತ್ತಿದೆ, ತೋಳು ಮಡಚಿದರೆ ನೋವು. ಇದನ್ನು ಹೀಗೇ ಬಿಟ್ಟರೆ ಎದೆ ಕೆಂಪಾಗಿ ಜ್ವರವೇ ಬರಬಹುದು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಲ್ಲುತ್ತೇನೆ. "ಸರ್, ನನ್ನ ಬ್ರೇಕ್. ಅರ್ಧ ಗಂಟೇಲಿ ಬರ್ತೀನಿ." ಒಂದು ಕ್ಷಣ ಮಾತು ನಿಲ್ಲುತ್ತದೆ. ಸರ್ ತಲೆಯಾಡಿಸುತ್ತಾರೆ, ಪರದೆಯ ಮೇಲೆ ಮುಂದಿನ ಪುಟ ಬರುತ್ತದೆ.

ಹಿಂತಿರುಗುವಾಗ ಕಾರಿಡಾರಿನಲ್ಲಿ ಒಬ್ಬ ಹುಡುಗಿ ಕಾಯುತ್ತಿದ್ದಾಳೆ. ಬೇರೆ ಟೀಮಿನವಳು, ಏಳು ತಿಂಗಳ ಬಸುರಿ.

"ಅಕ್ಕಾ, ವಾಪಸ್ ಬಂದ್ಮೇಲೆ ಕೇಳಿದ್ರೆ ಕೊಡ್ತಾರಾ?"

"ಬಂದ್ಮೇಲಲ್ಲ. ರಜೆಗೆ ಹೋಗೋ ಮುಂಚೆ ಕೇಳು. ಬಾಯಲ್ಲಿ ಕೇಳಬೇಡ, ಮೇಲ್ ಹಾಕು."

ಅಲ್ಲೇ ಕಿಟಕಿ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾಳೆ. ಎಚ್‌ಆರ್‌ನವರಿಗೆ ಏನು ಬರೆಯಬೇಕೆಂದು ನಾನು ಹೇಳುತ್ತಾ ಹೋಗುತ್ತೇನೆ: ಕೋಣೆ, ಪ್ಲಗ್ ಪಾಯಿಂಟ್, ಕೈ ತೊಳೆಯಲು ನೀರು, ಫ್ರಿಡ್ಜಿನಲ್ಲಿ ಜಾಗ, ಒಳಗಿನಿಂದ ಚಿಲಕ. ಬೆರಳು ನಿಲ್ಲಿಸಿ ನನ್ನ ಕಡೆ ನೋಡುತ್ತಾಳೆ.

"ಎಷ್ಟು ಹೊತ್ತು ಅಂತ ಬರೀಲಿ?"

"ಅರ್ಧ ಗಂಟೆ ಅಂತ ಬರಿ. ಎರಡು ಸಲ."