ಒಂದೇ ಆಟ, ನಾಲ್ಕು ನೆಲ

ಚಳ್ಳಕೆರೆಯಲ್ಲಿ ಟೆನಿಸ್ ಚೆಂಡು ಗೊತ್ತಿಲ್ಲದ ಮಕ್ಕಳಿಲ್ಲ. ಆದರೆ ಅದರಲ್ಲಿ ನಾವು ಆಡುವುದು ಕ್ರಿಕೆಟ್! ನಿಜವಾದ ಟೆನಿಸ್ ನೋಡುವ ಹುಚ್ಚು ನನಗೆ ಹಿಡಿದದ್ದು 2024ರ ಜನವರಿಯಲ್ಲಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಅಲ್ಲಿಂದ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳನ್ನು ಅಣ್ಣನ ಮೊಬೈಲಿನಲ್ಲಿ ನೋಡುತ್ತಾ ಬಂದೆ. ಆಟ ಒಂದೇ, ನಿಯಮ ಹೆಚ್ಚುಕಡಿಮೆ ಒಂದೇ. ಆದರೂ ನಾಲ್ಕೂ ಬೇರೆ ಬೇರೆ. ಕಾರಣ, ಆಡುವ ನೆಲ ಮತ್ತು ಊರು.

ವರ್ಷದ ಮೊದಲ ಟೂರ್ನಿ ಮೆಲ್ಬರ್ನ್‌ನಲ್ಲಿ, ಜನವರಿಯಲ್ಲಿ. ನಮಗೆ ಚಳಿಗಾಲ, ಅವರಿಗೆ ಉರಿಬಿಸಿಲು. ಬಿಸಿಲು ಮಿತಿ ಮೀರಿದರೆ ಹೊರಗಿನ ಅಂಕಣಗಳಲ್ಲಿ ಆಟ ನಿಲ್ಲಿಸುತ್ತಾರೆ. 1987ರವರೆಗೆ ಅದು ಹುಲ್ಲಿನ ಮೇಲೆ ನಡೆಯುತ್ತಿತ್ತು. 1988ರಿಂದ ಗಟ್ಟಿ ಅಂಕಣ.

ಮೇ ಕೊನೆಗೆ ಪ್ಯಾರಿಸ್. ಅಲ್ಲಿಯ ಕ್ರೀಡಾಂಗಣಕ್ಕೆ ರೋಲಾಂಡ್ ಗ್ಯಾರೋಸ್ ಎಂದು ಹೆಸರು. ಆತ ಟೆನಿಸ್ ಆಟಗಾರನಲ್ಲ, ವಿಮಾನ ಹಾರಿಸುತ್ತಿದ್ದವನು. ಅಂಕಣದ ಮೇಲೆ ಕೆಂಪು ಇಟ್ಟಿಗೆ ಪುಡಿಯ ತೆಳುವಾದ ಪದರ. ಚೆಂಡು ನಿಧಾನವಾಗಿ, ಎತ್ತರಕ್ಕೆ ಪುಟಿಯುತ್ತದೆ; ಆಟಗಾರರು ಜಾರಿಕೊಂಡೇ ಚೆಂಡನ್ನು ಮುಟ್ಟುತ್ತಾರೆ. ನಡಾಲ್ ಇಲ್ಲಿ 14 ಸಲ ಗೆದ್ದರು. 14 ಗ್ರ್ಯಾಂಡ್ ಸ್ಲಾಮ್ ಗೆದ್ದ ಸಾಂಪ್ರಾಸ್‌ಗೆ ಇಲ್ಲಿ ಒಂದೂ ಸಿಗಲಿಲ್ಲ.

ಇದನ್ನು ಮೊಳಕಾಲ್ಮೂರಿನ ನನ್ನ ಮಾಮೂಗೆ ಹೇಳಿದೆ. ಅವರು ಶೇಂಗಾ ಬೆಳೆಯುವವರು. "ಕೆಂಪು ನೆಲದಲ್ಲಿ ಗಿಡ ಕಿತ್ತರೆ ಕಾಯಿ ಸಲೀಸಾಗಿ ಬರುತ್ತೆ. ಎರೆ ನೆಲದಲ್ಲಿ ಅರ್ಧ ಕಾಯಿ ಮಣ್ಣಲ್ಲೇ ಉಳಿಯುತ್ತೆ. ಬೀಜದ ತಪ್ಪೇನಿಲ್ಲ ಬೇಟಾ" ಎಂದರು. ಟೆನಿಸ್ ನೋಡದ ಮಾಮೂ ಸಾಂಪ್ರಾಸ್‌ನ ಕಷ್ಟವನ್ನು ಒಂದೇ ಮಾತಲ್ಲಿ ಹೇಳಿಬಿಟ್ಟರು.

ಜೂನ್ ಕೊನೆಗೆ ಲಂಡನ್ನಿನ ವಿಂಬಲ್ಡನ್. 1877ರಲ್ಲಿ ಶುರುವಾದ ಇದು ನಾಲ್ಕರಲ್ಲಿ ಹಿರಿಯದು. 8 ಮಿಲಿಮೀಟರ್‌ಗೆ ಕತ್ತರಿಸಿದ ಹುಲ್ಲು, ಆಟಗಾರರಿಗೆಲ್ಲ ಬಿಳಿ ಬಟ್ಟೆ. ಚೆಂಡು ಕೆಳಗೇ ಜಾರಿ ವೇಗವಾಗಿ ಬರುತ್ತದೆ. ಪ್ಯಾರಿಸ್ ಮುಗಿದು ಮೂರೇ ವಾರಕ್ಕೆ ಕಾಲಿನ ಅಭ್ಯಾಸವನ್ನೇ ಬದಲಿಸಬೇಕು.

ಆಗಸ್ಟ್ ಕೊನೆಗೆ ನ್ಯೂಯಾರ್ಕ್. ರಾತ್ರಿ ದೀಪದ ಬೆಳಕು, ಗದ್ದಲ, ಜಗತ್ತಿನಲ್ಲೇ ದೊಡ್ಡ ಟೆನಿಸ್ ಕ್ರೀಡಾಂಗಣ. ಈ ಟೂರ್ನಿ ಹುಲ್ಲು, ಮಣ್ಣು, ಗಟ್ಟಿ ಅಂಕಣ ಮೂರನ್ನೂ ಕಂಡಿದೆ. ಕಾಮರ್ಸ್‌ನವರು ನೆನಪಿಡಬೇಕಾದ್ದು ಇನ್ನೊಂದಿದೆ: ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನದ ಹಣ ಮೊದಲು ಕೊಟ್ಟದ್ದು ಇಲ್ಲಿಯೇ, 1973ರಲ್ಲಿ. ವಿಂಬಲ್ಡನ್ ಕೊಟ್ಟದ್ದು 2007ರಲ್ಲಿ.

ಬೋಪಣ್ಣ ಈ ನಾಲ್ಕೂ ನೆಲದಲ್ಲಿ ಆಡಿದರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ನ್ಯೂಯಾರ್ಕಿನ ಫೈನಲ್ ತಲುಪಿದಾಗ, ಎರಡೂ ದೇಶಗಳ ವಿಶ್ವಸಂಸ್ಥೆಯ ರಾಯಭಾರಿಗಳು ಒಟ್ಟಿಗೆ ಕುಳಿತು ಆಟ ನೋಡಿದರು. ಅಂದು ಸೋತರು; 2023ರಲ್ಲಿ ಅಲ್ಲೇ ಮತ್ತೆ ಫೈನಲ್‌ನಲ್ಲಿ ಸೋತರು. ವಿಂಬಲ್ಡನ್‌ನಲ್ಲಿ 2013, 2015, 2023, ಮೂರು ಸಲ ಸೆಮಿಫೈನಲ್‌ಗೇ ನಿಂತಿತು. 2017ರಲ್ಲಿ ಪ್ಯಾರಿಸ್‌ನ ಮಿಶ್ರ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್ ಪ್ರಶಸ್ತಿ ಸಿಕ್ಕಿದ್ದು ಕೊನೆಗೆ ಮೆಲ್ಬರ್ನ್‌ನಲ್ಲಿ. ಒಂದು ನೆಲ ಕೊಡದಿದ್ದನ್ನು ಇನ್ನೊಂದು ನೆಲ ಕೊಟ್ಟಿತು.

ನಮ್ಮಲ್ಲಿ ಹಲವರ ನೆಲವೂ ಹೀಗೆ ಬದಲಾಗುತ್ತಿರುತ್ತದೆ. ನನ್ನ ಮನೆಯಲ್ಲಿ ಉರ್ದು, ಅಂಗಡಿ ಬೀದಿಯಲ್ಲಿ ಕನ್ನಡ, ಅಕೌಂಟೆನ್ಸಿ ಪುಸ್ತಕದಲ್ಲಿ ಇಂಗ್ಲಿಷ್. ಹತ್ತನೇ ತರಗತಿವರೆಗೆ ನನ್ನ ಜೊತೆ ಉರ್ದು ಮಾಧ್ಯಮದಲ್ಲಿ ಓದಿದ ಇಬ್ಬರು, ಆ ದಪ್ಪ ಪುಸ್ತಕ ನೋಡಿಯೇ ಕಾಲೇಜು ಬೇಡ ಎಂದರು. ಇಬ್ಬರೂ ಲೆಕ್ಕದಲ್ಲಿ ನನಗಿಂತ ಚುರುಕು. ಒಬ್ಬ ಈಗ ಗ್ಯಾರೇಜಿನಲ್ಲಿದ್ದಾನೆ, ಒಬ್ಬಳು ಮನೆಯಲ್ಲಿದ್ದಾಳೆ. ಡೆಬಿಟ್, ಕ್ರೆಡಿಟ್ ಎಂದರೆ ಗಾಬರಿ ನಿಜ. ಆದರೆ ಜಮಾ, ಖರ್ಚು, ಬಾಕಿ ನಮ್ಮ ಮನೆಯ ಮಾತೂ ಹೌದು, ಚಳ್ಳಕೆರೆಯ ಶೇಂಗಾ ಅಂಗಡಿಯ ಕನ್ನಡವೂ ಹೌದು. ಲೆಕ್ಕ ಅದೇ, ಅಂಕಣ ಮಾತ್ರ ಹೊಸದು.

ಹೊಸ ಅಂಕಣದಲ್ಲಿ ಮೊದಲ ಕೆಲವು ವಾರ ಎಲ್ಲರ ಕಾಲೂ ಜಾರುತ್ತದೆ. ಅವರಿಬ್ಬರಿಗೂ ಇನ್ನೂ ವಯಸ್ಸು ಮೀರಿಲ್ಲ. ಮುಂದಿನ ಪ್ರವೇಶದ ಹೊತ್ತಿಗೆ ನನ್ನ ಮೊದಲ ವರ್ಷದ ನೋಟ್ಸ್ ಅವರ ಮನೆಗೆ ತಲುಪಿಸುತ್ತೇನೆ, ಪಕ್ಕದಲ್ಲಿ ಉರ್ದು ಮತ್ತು ಕನ್ನಡದ ಪದಗಳನ್ನೂ ಬರೆದು.