ರಾಯ್‌ಗೊಂದು ಸಂಬಂಧ

ಒಂದು ತುದಿಗೆ ರೋವರ್ಸ್ ರಿಟರ್ನ್ ಎಂಬ ಪಬ್ಬು, ಇನ್ನೊಂದು ತುದಿಗೆ ಮೂಲೆಯಂಗಡಿ, ನಡುವೆ ಗೋಡೆಗೆ ಗೋಡೆ ಅಂಟಿಕೊಂಡ ಏಳು ಕೆಂಪಿಟ್ಟಿಗೆ ಮನೆ. ಮಳೆ ಆಗಷ್ಟೇ ನಿಂತಿತ್ತು, ನೆಲಕ್ಕೆ ಹಾಸಿದ ಕಲ್ಲು ಮಿರಮಿರ ಅನ್ನುತ್ತಿತ್ತು. ಒಂಬತ್ತನೇ ನಂಬರಿನ ಬಾಗಿಲಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತೆ. ಒಳಗೆ ಸಂಸಾರವಿದೆ, ಒಗ್ಗರಣೆಯ ವಾಸನೆ ಈಗ ಬಂದೀತು ಅನ್ನಿಸುವಂಥ ಬಾಗಿಲು. ಆದರೆ ಅದರ ಹಿಂದೆ ಮನೆಯೇ ಇಲ್ಲ. ಅಡುಗೆಮನೆ, ಹಜಾರ, ಜಗಳವಾಡುವ ಸೋಫಾ ಎಲ್ಲ ಪಕ್ಕದ ಸ್ಟುಡಿಯೋದೊಳಗೆ. ಬೀದಿಯಲ್ಲಿರುವುದು ಬರೀ ಮುಖ.

ಇದು 'ಕೊರೊನೇಷನ್ ಸ್ಟ್ರೀಟ್' ಧಾರಾವಾಹಿಯ ಸೆಟ್ಟು. 1960ರ ಡಿಸೆಂಬರ್ 9ರಂದು ಶುರುವಾದದ್ದು ಇನ್ನೂ ಮುಗಿದಿಲ್ಲ. ಅದನ್ನು ಹುಟ್ಟಿಸಿದ ಟೋನಿ ವಾರನ್‌ಗೆ ಆಗ 24 ವರ್ಷ. ಮೊದಲ ಕಂತಿನಲ್ಲಿ ಕಾಲೇಜು ಹುಡುಗನಾಗಿ ಬಂದ ಕೆನ್ ಬಾರ್ಲೊ, ಅಂದರೆ ನಟ ವಿಲಿಯಂ ರೋಚ್, ತೊಂಬತ್ತು ದಾಟಿದ ಮೇಲೂ ಅದೇ ಕೆನ್. ನಮ್ಮಲ್ಲಿ ಸಾವಿರ ಕಂತು ಮುಟ್ಟಿದರೆ ಕೇಕ್ ಕತ್ತರಿಸುತ್ತೇವೆ. ಇಲ್ಲಿ ಹತ್ತು ಸಾವಿರ ದಾಟಿಯೂ ವರ್ಷಗಳಾದವು.

ಮ್ಯಾಂಚೆಸ್ಟರ್ ನಗರದಿಂದ ಹಳದಿ ಟ್ರಾಮ್ ಹತ್ತಿಕೊಂಡು ಸಾಲ್ಫರ್ಡಿನ ಹಳೆಯ ಹಡಗುಕಟ್ಟೆಗೆ ಬಂದಿಳಿದರೆ, ಹತ್ತಿ ಮೂಟೆ ಇಳಿಸುತ್ತಿದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳು, ಬಿಬಿಸಿ. ಮ್ಯಾಂಚೆಸ್ಟರ್ ಹಡಗು ಕಾಲುವೆಯ ಕಾಲುಸೇತುವೆ ದಾಟಿದರೆ ಈ ಬೀದಿ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಓಲ್ಡ್ ಟ್ರಾಫರ್ಡ್ ಫುಟ್‌ಬಾಲ್ ಮೈದಾನ. ಇದನ್ನು ಹೇಳಲು ಕಾರಣವಿದೆ. 1983ರ ಫೆಬ್ರುವರಿಯಲ್ಲಿ ಕೆನ್‌ನ ಹೆಂಡತಿ ಡೀರ್‌ಡ್ರಿ ಗಂಡನ ಜೊತೆ ಇರುತ್ತಾಳೋ, ಮೈಕ್ ಬಾಲ್ಡ್ವಿನ್ ಜೊತೆ ಹೋಗುತ್ತಾಳೋ ಎಂದು ದೇಶವೇ ತಲೆ ಕೆಡಿಸಿಕೊಂಡಿತ್ತು. ಆ ಸಂಜೆ ಓಲ್ಡ್ ಟ್ರಾಫರ್ಡಿನಲ್ಲಿ ಆರ್ಸೆನಲ್ ವಿರುದ್ಧ ಪಂದ್ಯ. ಟಿವಿ ಬಿಟ್ಟು ಬಂದ ಸಾವಿರಾರು ಜನರ ಸಂಕಟ ನೋಡಲಾರದೆ, ಗಂಡ ಹೆಂಡತಿ ಮತ್ತೆ ಒಂದಾದರೆಂಬ ಸುದ್ದಿಯನ್ನು ಸ್ಕೋರ್‌ಬೋರ್ಡಿನಲ್ಲೇ ಹಾಕಿದರಂತೆ. ಗಂಡಸರಿಗೆ ಧಾರಾವಾಹಿ ಬೇಡ ಅನ್ನುವವರು ಆ ಮೈದಾನವನ್ನೊಮ್ಮೆ ಕೇಳಬೇಕು.

ಸೆಟ್ ತೋರಿಸುವ ಹುಡುಗ ಚುರುಕಾಗಿದ್ದ. ಆದರೆ ನನ್ನ ನಿಜವಾದ ಗೈಡುಗಳು ಗುಂಪಿನಲ್ಲಿದ್ದ ಅಕ್ಕತಂಗಿಯರು. ಬೋಲ್ಟನ್ ಊರಿನವರು, ಇಬ್ಬರಿಗೂ ಎಪ್ಪತ್ತರ ಮೇಲೆ. 'ರಾಯ್ಸ್ ರೋಲ್ಸ್' ಎಂಬ ಕೆಫೆಯ ಮುಂದೆ ಬಂದದ್ದೇ ಇಬ್ಬರೂ ಕಾಲು ಕಿತ್ತಿಡಲಿಲ್ಲ. ಅಕ್ಕ ಗಾಜಿನೊಳಗೆ ಇಣುಕಿ, "ಪಾಪ, ಇವತ್ತೂ ಒಬ್ಬನೇ ಊಟ ಮಾಡಬೇಕು" ಅಂದರು. ನನ್ನನ್ನು ಕರೆತಂದಿದ್ದ ನನ್ನ ತಂಗಿಯ ಮಗಳು ಕಿವಿಯಲ್ಲಿ, "ದೊಡ್ಡಮ್ಮ, ಇವರು ನಿಜವಾದ ಮನುಷ್ಯನ ಬಗ್ಗೆ ಮಾತಾಡ್ತಿಲ್ಲ ತಾನೇ?" ಎಂದಳು. ಅಲ್ಲ, ರಾಯ್ ಕ್ರಾಪರ್ ಬಗ್ಗೆ.

ರಾಯ್ ಅಂದರೆ ಕೆಫೆಯ ಯಜಮಾನ. ಕೈಯಲ್ಲಿ ಸದಾ ಒಂದು ಚೀಲ, ಬಾಯಲ್ಲಿ ಉಗಿಬಂಡಿಗಳ ವಿಷಯ, ಕಣ್ಣೆತ್ತಿ ನೋಡಲೂ ಸಂಕೋಚ. 1998ರಲ್ಲಿ ಅವನ ಬದುಕಿಗೆ ಹೇಯ್ಲಿ ಬಂದಳು. ಅವಳು ಟ್ರಾನ್ಸ್‌ಜೆಂಡರ್ ಮಹಿಳೆ. ಬ್ರಿಟನ್ನಿನ ಧಾರಾವಾಹಿಗಳಲ್ಲಿ ಖಾಯಂ ಪಾತ್ರವಾಗಿ ಅಂಥವಳು ಬಂದದ್ದು ಅದೇ ಮೊದಲು. ಈ ಜೋಡಿ ಉಳಿಯುತ್ತದೆಂದು ಆಗ ಯಾರು ನಂಬಿಯಾರು? ತಂಗಿ ಬಾಯಿ ಬಿಟ್ಟೇ ಹೇಳಿದರು, ತಮ್ಮ ಗಂಡ ಮೊದಮೊದಲು ಎದ್ದು ಚಾನೆಲ್ ಬದಲಿಸುತ್ತಿದ್ದರಂತೆ. ಅದೇ ಗಂಡ 2014ರ ಜನವರಿಯಲ್ಲಿ ಹೇಯ್ಲಿ ಸತ್ತ ಕಂತು ನೋಡಿ ಅತ್ತರಂತೆ. 1999ರಲ್ಲಿ ರಾಯ್ ಮತ್ತು ಹೇಯ್ಲಿಗೆ ಆಶೀರ್ವಾದದ ಶಾಸ್ತ್ರ ನಡೆದದ್ದು ಕೆಫೆಯಲ್ಲೇ, ಯಾಕೆಂದರೆ ದೇಶದ ಕಾನೂನು ಆ ಮದುವೆಯನ್ನು ಒಪ್ಪುತ್ತಿರಲಿಲ್ಲ. 2004ರಲ್ಲಿ ಪಾರ್ಲಿಮೆಂಟು ಲಿಂಗ ಮಾನ್ಯತೆಯ ಕಾಯಿದೆ ತಂದಿತು. 2010ರಲ್ಲಿ ಕಥೆಯೊಳಗಿನ ಆ ಗಂಡಹೆಂಡತಿ ನಿಜವಾದ ಕಾನೂನಿನ ಪ್ರಕಾರ ಮದುವೆಯಾದರು. ಇಲ್ಲದ ಮನೆಯ ಇಲ್ಲದ ಜನರು ನಿಜದ ಕಾಯಿದೆಗಾಗಿ ಕಾದು ಕೂತಿದ್ದರು! ಆ ಕೆಫೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿ ನನಗೆ ಮೈ ಜುಮ್ಮೆಂದಿತು.

ಈಗ ಅಕ್ಕತಂಗಿಯರ ಚರ್ಚೆ, ಒಂಟಿ ರಾಯ್‌ಗೆ ಎವೆಲಿನ್ ಪ್ಲಮರ್ ತಕ್ಕ ಜೋಡಿಯೇ ಎಂಬುದು. ಒಂಬತ್ತನೇ ನಂಬರಿನ ಟೈರೋನನ ಅಜ್ಜಿ, ಮೊರೀನ್ ಲಿಪ್‌ಮನ್ ಆಡಿದ ಪಾತ್ರ. 2018ರಲ್ಲಿ ಬೀದಿಗೆ ಕಾಲಿಟ್ಟ ಕ್ಷಣದಿಂದ ಅವಳ ನಾಲಿಗೆಗೆ ಬಿಡುವಿಲ್ಲ. ಅವಳ ನಾಯಿಯ ಹೆಸರು ಸೆರ್ಬೆರಸ್, ಪಾತಾಳದ ಬಾಗಿಲು ಕಾಯುವ ಗ್ರೀಕ್ ಪುರಾಣದ ನಾಯಿಯದು. ಯಜಮಾನಿ ಎಂಥವಳೆಂದು ಬೇರೆ ಹೇಳಬೇಕಿಲ್ಲ. ಕಥೆಯಲ್ಲಿ ಅವಳೂ ರಾಯ್‌ನೂ ಬರೀ ಗೆಳೆಯರು. ಆದರೆ ನೋಡುವವರು ಬಿಡಬೇಕಲ್ಲ. ಅವಳು ಬೈದಾಗ ಅವನು ತಲೆಯಾಡಿಸುವ ರೀತಿ, ಅವನು ರೈಲಿನ ಪುರಾಣ ಬಿಚ್ಚಿದಾಗ ಅವಳು ಎದ್ದು ಹೋಗದೆ ಕೂರುವುದು, ಅಕ್ಕನ ಪ್ರಕಾರ ಎಲ್ಲವೂ ಸಾಕ್ಷಿ. "ಬೈಯುವವಳೇ ಇರಬೇಕು ಅವನಿಗೆ. ಕನಿಕರ ತೋರಿಸಿದವಳು ಕ್ಯಾಥಿ, ಏನಾಯಿತು?" 2017ರಲ್ಲಿ ಕ್ಯಾಥಿ ಜೊತೆಗಿನ ಮದುವೆ ಕೊನೇ ಗಳಿಗೆಯಲ್ಲಿ ಮುರಿದಿತ್ತು. ತಂಗಿ ಒಪ್ಪಲಿಲ್ಲ. ರಾಯ್ ಹೇಯ್ಲಿಯವನು, ಮುಗಿಯಿತು. ಎವೆಲಿನ್‌ಳನ್ನು ತಂದುಕೊಂಡರೆ ಆ ಕೆಂಪು ಅನೊರಾಕನ್ನು, ಅದೇ ಹೇಯ್ಲಿಯ ಮಳೆಯಂಗಿಯನ್ನು, ಯಾವ ಗೂಟಕ್ಕೆ ತೂಗುಹಾಕುವುದು?

2019ರಲ್ಲಿ ಜೀ ಕನ್ನಡದಲ್ಲಿ 'ಜೊತೆ ಜೊತೆಯಲಿ' ಶುರುವಾದಾಗ ನಮ್ಮ ಬೀದಿಯೂ ಹೀಗೇ ಎರಡು ಪಾಲಾಗಿತ್ತು. ವಯಸ್ಸಿನಲ್ಲಿ ಅಷ್ಟು ಹಿರಿಯ ಆರ್ಯವರ್ಧನ್‌ಗೆ ಚಿಕ್ಕ ಹುಡುಗಿ ಅನು ಸಿರಿಮನೆ ಈಡೋ ಅಲ್ಲವೋ ಎಂದು ಸಂಜೆ ಕಟ್ಟೆಯಲ್ಲಿ ತೀರ್ಪಾಗುತ್ತಿತ್ತು. ಆದರೆ ಅಲ್ಲಿ ಜೋಡಿಯನ್ನು ಮೊದಲ ದಿನವೇ ಬರೆದಿಟ್ಟಿದ್ದರು, ನಮ್ಮದು ಬರೀ ಒಗ್ಗದ ಜಾತಕದ ಗೊಣಗು. ಇಲ್ಲಿ ಬರೆಯುವವರು ಬಾಯಿ ಬಿಟ್ಟಿಲ್ಲ. ಹೆಣ್ಣು ನೋಡುವುದು, ಗಂಡಿನ ಮನಸ್ಸು ತಿಳಿಯುವುದು, ಸತ್ತ ಹೆಂಡತಿಯ ಒಪ್ಪಿಗೆ ಊಹಿಸುವುದು ಎಲ್ಲ ನೋಡುವವರ ಹೆಗಲಿಗೇ. ಒಳಗೆ ಏನೂ ಇಲ್ಲದ ಆ ಏಳು ಮನೆಗಳಿಗೆ ಸಾಮಾನು ತುಂಬುತ್ತಿರುವವರು ಇವರೇ ಎಂದು ನನಗೆ ಹೊಳೆದದ್ದು ಅಲ್ಲಿ.

ಅಷ್ಟರಲ್ಲಿ ಅಕ್ಕ ನನ್ನ ಕಡೆ ತಿರುಗಿದರು. "ನಿಮ್ಮ ದೇಶದಲ್ಲಿ ಸಂಬಂಧ ಕುದುರಿಸುವುದು ದೊಡ್ಡವರೇ ಅಲ್ಲವೇ? ನೀವು ಹೇಳಿ." ಗುಂಪಿನ ಇನ್ನೂ ನಾಲ್ಕಾರು ತಲೆ ನನ್ನತ್ತ ವಾಲಿದವು. ಜವಾಬ್ದಾರಿ ಸಣ್ಣದಲ್ಲ. ಎವೆಲಿನ್ ಈ ವಯಸ್ಸಿನಲ್ಲಿ ಕಾನೂನು ಓದಲು ವಿಶ್ವವಿದ್ಯಾಲಯ ಸೇರಿದಳೆಂದು ಆಗಷ್ಟೇ ಕೇಳಿದ್ದೆ. "ಹುಡುಗಿ ಮೊದಲು ಡಿಗ್ರಿ ಮುಗಿಸಲಿ, ಆಮೇಲೆ ಮಾತುಕತೆ" ಎಂದೆ.

ತಂಗಿ ಚಪ್ಪಾಳೆ ತಟ್ಟಿಬಿಟ್ಟರು. ಅಕ್ಕ ಮುಖ ಗಂಟಿಕ್ಕಿ, ಅಲ್ಲಿಯವರೆಗೆ ಆ ಮನುಷ್ಯನಿಗೆ ಬೇಯಿಸಿ ಹಾಕುವವರು ಯಾರು ಎಂದರು. "ಅಲ್ಲವೇ, ಕೆಫೆ ನಡೆಸುವವನು ಅವನೇ ಅಲ್ಲವೇನೇ!" ಎಂದು ತಂಗಿ ರೇಗಿದರು. ಗೈಡ್ ಹುಡುಗ ಮುಂದಿನ ಗುಂಪು ಕಾಯುತ್ತಿದೆ ಎಂದು ಎರಡು ಸಲ ಕೂಗಿದ. ಇಬ್ಬರೂ ಕಿವಿಗೇ ಹಾಕಿಕೊಳ್ಳಲಿಲ್ಲ.