ಮುಟ್ಟುವ ಮುನ್ನ ಒಂದು ಮಾತು

ಕೆಲವು ವರ್ಷಗಳ ಹಿಂದಿನ ಮಾತು. ಗಡಹಿಂಗ್ಲಜದಲ್ಲಿ ಸಂಘದ ಹಿರಿಯರೊಬ್ಬರ ಮನೆಯ ಕಾರ್ಯ ಮುಗಿಸಿಕೊಂಡು ಕೊಲ್ಹಾಪುರಕ್ಕೆ ಮರಳಲೆಂದು ನಾವು ನಾಲ್ವರು ಬಸ್ ನಿಲ್ದಾಣಕ್ಕೆ ಬಂದಿದ್ದೆವು. ಆಗಷ್ಟೇ ಬಂದು ನಿಂತ ಬಸ್ಸಿನಿಂದ ಇಳಿಯುತ್ತಿದ್ದ ವೃದ್ಧೆಯೊಬ್ಬರು ಕೊನೆಯ ಮೆಟ್ಟಿಲಲ್ಲಿ ಕಾಲು ತಪ್ಪಿ ಕೆಳಗೆ ಬಿದ್ದರು. ನಾವು ಒಂದು ಕ್ಷಣವನ್ನೂ ಕಳೆಯದೆ ಧಾವಿಸಿದೆವು. ಇಬ್ಬರು ಅವರ ಎರಡು ರಟ್ಟೆಗಳನ್ನು ಹಿಡಿದರು. ಒಬ್ಬರು ಬೆನ್ನಿಗೆ ಕೈಕೊಟ್ಟರು. ಇನ್ನೊಬ್ಬರು ನೀರಿನ ಬಾಟಲಿಯನ್ನು ಬಾಯಿಯ ಹತ್ತಿರ ಒಯ್ದರು. ‘ಉಠಾ ಆಜೀ, ಉಠಾ’ ಎಂದು ಮರಾಠಿಯಲ್ಲಿ ಅವಸರಪಡಿಸುತ್ತ ಮೇಲೆತ್ತತೊಡಗಿದೆವು.

‘ಯವ್ವಾ! ಕೈ ಬಿಡ್ರೋ, ಎಳೀಬ್ಯಾಡ್ರೋ!’ ಎಂದು ಅವರು ಚೀರಿದರು.

ಕನ್ನಡ! ನಮ್ಮ ಕೈಗಳು ತಾವಾಗಿಯೇ ಸಡಿಲಿದವು. ಕನ್ನಡದ ತಾಯಿಯೊಬ್ಬರನ್ನು ಕನ್ನಡಿಗರಾದ ನಾವೇ ಯಾವ ಭಾಷೆಯಲ್ಲಿಯೂ ಏನನ್ನೂ ಕೇಳದೆ ಎಳೆದಾಡಿದ್ದೆವು.

ಆಗ ಗುಂಪನ್ನು ಸರಿಸಿಕೊಂಡು ಒಬ್ಬ ಹುಡುಗಿ ಮುಂದೆ ಬಂದಳು. ನಿಂತುಕೊಂಡೇ ಬಗ್ಗಲಿಲ್ಲ, ಅಜ್ಜಿಯ ಎದುರು ನೆಲದ ಮೇಲೆಯೇ ಕುಳಿತಳು. ‘ಆಯೀ, ನಾ ನರ್ಸಿಂಗ್ ಕಲೀತೀನ್ರಿ. ಎಲ್ಲಿ ಬ್ಯಾನಿ ಆಗ್ತೈತಿ? ಕೈ ಮುಟ್ಟಿ ನೋಡ್ಲೇನ್ರಿ?’ ಎಂದಳು. ಅಜ್ಜಿ ಅವಳ ಮುಖವನ್ನೊಮ್ಮೆ ನೋಡಿ, ‘ನೋಡವ್ವಾ. ಮೊದಲ ಸೆರಗು ತಲಿಮ್ಯಾಲ ಹಾಕು’ ಎಂದರು.

ಸೆರಗು ಜಾರಿದ್ದುದು ನಮ್ಮ ನಾಲ್ವರಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಅಷ್ಟು ಜನರ ನಡುವೆ ಬಿದ್ದಿದ್ದ ಆ ತಾಯಿಗೆ ನೋವಿಗಿಂತ ಮೊದಲು ಬೇಕಾಗಿದ್ದುದು ಅದೇ ಆಗಿತ್ತು. ಹುಡುಗಿ ಸೆರಗನ್ನು ಸರಿಪಡಿಸಿದಳು. ಬಳಿಕ ತನ್ನ ಓಢಣಿಯಿಂದ ಆ ಕೈಗೆ ಜೋಳಿಗೆ ಕಟ್ಟಿದಳು. ಏನು ಮಾಡುವ ಮುಂಚೆಯೂ ‘ಈಗ ಹಿಂಗ ಮಾಡ್ತೀನ್ರಿ’ ಎಂದು ಹೇಳುತ್ತಿದ್ದಳು. ಭುಜದ ಬಳಿಯ ಎಲುಬು ಮುರಿದಿದೆಯೆಂದು ಆಸ್ಪತ್ರೆಯಲ್ಲಿ ತಿಳಿಯಿತು. ನಾವು ಹಿಡಿದೆಳೆದದ್ದು ಅದೇ ಕೈಯನ್ನು. ಅಂದು ಕೊಲ್ಹಾಪುರ ಮುಟ್ಟುವವರೆಗೆ ನಮ್ಮಲ್ಲಿ ಯಾರೂ ಮಾತನಾಡಲಿಲ್ಲ.

ಆ ಲಜ್ಜೆಯೇ ನಮ್ಮನ್ನು ಪ್ರಥಮ ಚಿಕಿತ್ಸೆಯ ತರಬೇತಿಗೆ ಕರೆದೊಯ್ದಿತು. ಪಟ್ಟಿ ಕಟ್ಟುವುದನ್ನು ಕಲಿಸುವುದಕ್ಕೂ ಮೊದಲು ಅಲ್ಲಿ ಕಲಿಸಿದ್ದು ಮಾತನಾಡುವುದನ್ನು. ನಾವು ಯಾರು, ನಮಗೆ ಏನು ತಿಳಿದಿದೆ, ಈಗ ಏನು ಮಾಡಲಿದ್ದೇವೆ ಎಂಬುದನ್ನು ಹೇಳಿ, ‘ಮಾಡಲೇ?’ ಎಂದು ಕೇಳಬೇಕು. ಮಾತು ಹೊರಡದಿದ್ದರೆ ತಲೆಯಾಡಿಸಿದರೂ, ಕೈ ಮುಂದೆ ಚಾಚಿದರೂ ಅದು ಒಪ್ಪಿಗೆಯೇ. ಇದಕ್ಕೆ ತಗಲುವುದು ಐದಾರು ಕ್ಷಣ ಮಾತ್ರ. ಅಷ್ಟರಲ್ಲಿಯೇ ಎದುರಿನವರಿಗೆ ಪ್ರಜ್ಞೆಯಿದೆಯೇ, ಉಸಿರು ಸರಾಗವಾಗಿದೆಯೇ, ನೋವು ಎಲ್ಲಿದೆ ಎಂಬುದೂ ತಿಳಿದುಬಿಡುತ್ತದೆ. ಕೇಳುವುದು ಬರಿಯ ಸೌಜನ್ಯವಲ್ಲ, ಚಿಕಿತ್ಸೆಯ ಮೊದಲ ಪರೀಕ್ಷೆಯೂ ಅದೇ.

‘ಪ್ರಾಣ ಹೋಗುವ ಹೊತ್ತಿನಲ್ಲಿ ಅಪ್ಪಣೆ ಕೇಳುತ್ತ ಕೂಡಬೇಕೇನು?’ ಎಂದು ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದ್ದರು. ಪ್ರಶ್ನೆ ಯೋಗ್ಯವಾದುದೇ. ಭುಜ ತಟ್ಟಿ ಗಟ್ಟಿಯಾಗಿ ಕೂಗಿದರೂ ಉತ್ತರವಿಲ್ಲದಿದ್ದರೆ, ಆ ಮೌನವನ್ನೇ ಒಪ್ಪಿಗೆಯೆಂದು ತಿಳಿಯಬೇಕು. ಸಹಜವಾದ ಉಸಿರೂ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತತೊಡಗಬೇಕು. ಅಲ್ಲಿ ಕೇಳುತ್ತ ನಿಲ್ಲುವುದೇ ತಪ್ಪಾಗುತ್ತದೆ. ಪಾಲಕರು ಹತ್ತಿರವಿಲ್ಲದ ಮಗುವಿನ ವಿಷಯದಲ್ಲಿಯೂ ಹೀಗೆಯೇ.

ಕಾನೂನು ಕೂಡ ಈ ವಿವೇಕವನ್ನು ಬಹಳ ಹಿಂದೆಯೇ ಕಂಡುಕೊಂಡಿದೆ. 1860ರ ಭಾರತೀಯ ದಂಡ ಸಂಹಿತೆಯ 92ನೆಯ ಕಲಮಿನಲ್ಲಿ ಕುದುರೆಯಿಂದ ಬಿದ್ದು ಎಚ್ಚರ ತಪ್ಪಿದವನ ಉದಾಹರಣೆಯೊಂದಿತ್ತು: ಅವನ ಒಳಿತಿಗಾಗಿ ಸದ್ಭಾವದಿಂದ ಒಪ್ಪಿಗೆಯಿಲ್ಲದೆಯೇ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯನದು ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮಿನಲ್ಲಿ ಆ ನಿಯಮ ಮುಂದುವರಿದಿದೆ. ರಸ್ತೆ ಅಪಘಾತದಲ್ಲಿ ಸದ್ಭಾವದಿಂದ ನೆರವಾದವರಿಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ 134ಎ ಕಲಮಿನ ಮೂಲಕ ರಕ್ಷಣೆಯನ್ನೂ ಒದಗಿಸಿದೆ. ಆದ್ದರಿಂದ ಪೊಲೀಸರ ಅಂಜಿಕೆಯಿಂದ ದೂರ ನಿಲ್ಲಬೇಕಾದ ಕಾರಣವಿಲ್ಲ. ಆದರೆ ಎಚ್ಚರವಿದ್ದು ‘ಬೇಡ’ ಎನ್ನುವವರನ್ನು ಬಲವಂತದಿಂದ ಮುಟ್ಟಲು ಈ ರಕ್ಷಣೆಯನ್ನು ನೆಪ ಮಾಡಿಕೊಳ್ಳಬಾರದು.

ಈ ‘ಬೇಡ’ವನ್ನು ನಾವು ಇಚಲಕರಂಜಿಯಲ್ಲಿ ಎದುರಿಸಿದೆವು. ಸದಸ್ಯರೊಬ್ಬರ ನೆರೆಯ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಲಾಳಿ ಸಿಡಿದು ಕೆಲಸಗಾರನೊಬ್ಬನ ಹುಬ್ಬಿನ ಮೇಲೆ ಬಡಿದಿತ್ತು. ರಕ್ತ ಸುರಿಯುತ್ತಿದ್ದರೂ ‘ನನ್ನ ಮುಟ್ಟಬ್ಯಾಡ್ರಿ, ದವಾಖಾನಿಗಿ ಬರೂದಿಲ್ಲ’ ಎಂದು ಆತ ಹಟ ಹಿಡಿದ. ಹಿಂದಿನ ನಾವಾಗಿದ್ದರೆ ನಾಲ್ವರು ಕೂಡಿ ಹೊತ್ತೊಯ್ಯುತ್ತಿದ್ದೆವು. ಅಂದು ಹಾಗೆ ಮಾಡಲಿಲ್ಲ. ಶುಭ್ರವಾದ ಬಟ್ಟೆಯ ಮಡಿಕೆಯನ್ನು ಅವನ ಕೈಗೇ ಕೊಟ್ಟು, ‘ನೀವೇ ಒತ್ತಿ ಹಿಡೀರಿ’ ಎಂದು ಪಕ್ಕದಲ್ಲಿ ಕುಳಿತೆವು. ಯಾಕೆ ಬೇಡವೆಂದು ಕೇಳಿದಾಗ, ಆ ಪಾಳಿಯ ಕೂಲಿ ಹೋಗುತ್ತದೆಂಬ ಚಿಂತೆ ಹೊರಬಿತ್ತು. ಮಾಲೀಕರೊಡನೆ ಮಾತನಾಡಿದೆವು, ಅವರು ಕೂಲಿ ಕಡಿಯುವುದಿಲ್ಲವೆಂದರು. ಆ ಮೇಲೆ ಆತ ತಾನಾಗಿಯೇ ಎದ್ದು, ‘ನಡೀರಿ’ ಎಂದ. ನಡುವೆ ಎಚ್ಚರ ತಪ್ಪಿದ್ದರೆ ನಾವು ಕಾಯುತ್ತಿರಲಿಲ್ಲ. ಆದರೆ ಎಚ್ಚರವಿರುವವರೆಗೆ ಆ ದೇಹದ ಒಡೆಯ ಆತನೇ.

ಬಿದ್ದವರಿಗೂ ಇಚ್ಛೆಯೊಂದಿರುತ್ತದೆ ಎನ್ನುವಾಗ ನಮಗೆ ಹರೀಶ್ ನಂಜಪ್ಪ ನೆನಪಾಗುತ್ತಾರೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಯ ಅಪಘಾತದಲ್ಲಿ ದೇಹವೇ ತುಂಡಾಗಿ ಬಿದ್ದಿದ್ದಾಗಲೂ ಆ ತರುಣ ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದು ಹೇಳಿದರು. ಆ ಮಾತಿಗೆ ಕಿವಿಗೊಟ್ಟವರು ಇದ್ದುದರಿಂದ ಅವರ ಕಣ್ಣುಗಳು ದಾನವಾದವು. ಅಪಘಾತಕ್ಕೀಡಾದವರ ತುರ್ತು ಚಿಕಿತ್ಸೆಗೆ ಕರ್ನಾಟಕ ಸರಕಾರ ಅದೇ ವರ್ಷ ಆರಂಭಿಸಿದ ಯೋಜನೆಗೆ ಅವರ ಹೆಸರನ್ನೇ ಇಡಲಾಯಿತು.

ಗಡಿನಾಡಿನ ನಮಗೆ ಈ ವಿಷಯದಲ್ಲಿ ಇನ್ನೊಂದು ಹೊಣೆಯಿದೆ. ಗಡಹಿಂಗ್ಲಜದಿಂದ ಸಂಕೇಶ್ವರ, ನಿಪ್ಪಾಣಿಯ ಮೇಲೆ ಕಾಗಲಕ್ಕೆ ಬರುವಾಗ ರಾಜ್ಯದ ಗಡಿಯನ್ನು ಎರಡು ಸಲ ದಾಟುತ್ತೇವೆ. ದಾರಿಯಲ್ಲಿ ಬಿದ್ದವರ ಮಾತು ಯಾವುದೆಂದು ಅವರ ಉಡುಪಿನಿಂದ ತಿಳಿಯದು. ನೋವಿನ ಹೊತ್ತಿನಲ್ಲಿ ಮನುಷ್ಯ ಮೊರೆಯಿಡುವುದು ತಾಯಿನುಡಿಯಲ್ಲಿ. ಅದೇ ನುಡಿಯಲ್ಲಿ ಕೇಳಿದರೆ ಅವರು ಬೇಗನೆ ನಂಬುತ್ತಾರೆ. ಎರಡೂ ಭಾಷೆ ಬಲ್ಲ ನಾವು ಎರಡರಲ್ಲಿಯೂ ಕೇಳಬಲ್ಲೆವು.

ಈ ಸಮ್ಮೇಳನದ ಮಂಟಪದ ಬಾಗಿಲಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದನ್ನು ಇರಿಸಿದ್ದೇವೆ. ಅದರ ಮುಚ್ಚಳದ ಒಳಗೆ, ಹತ್ತಿ ಬಟ್ಟೆಗಳಿಗಿಂತ ಮೊದಲು ಕಾಣುವಂತೆ ಒಂದು ಚೀಟಿಯನ್ನು ಅಂಟಿಸಿದೆ. ಅದರಲ್ಲಿ ಬರೆದಿರುವುದು ಎರಡೇ ಸಾಲು: ‘ನಾ ಕೈ ಹಚ್ಚಲೇನ್ರಿ?’ ‘ಮೀ ಹಾತ್ ಲಾವೂ ಕಾ?’